ದೀಪ ದೊಡ್ಡದು ಮಾಡಿದ ದಿನ

ಹಲವಾಗಲು ಎಂಬ ಊರಿನ ಅಜ್ಜಿಯೊಬ್ಬರ ಮನೆಯಿಂದ ಒಂಬತ್ತು ತಾಳೆಗರಿ ಕಟ್ಟುಗಳನ್ನು ತಂದವನು ನಾನೇ. ಅವು ಅವರಪ್ಪನ ಕೈಬರಹ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಹಿಡಿದು ಕಪ್ಪಾಗಿದ್ದವು. "ಜ್ವಾಕಿ ರೀ ಮಾಸ್ತರ, ಅಪ್ಪನ ಗುರ್ತು ಅಂತ ಇರೋದು ಇಷ್ಟ" ಎಂದರು. ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇನೆಂದು ಮಾತು ಕೊಟ್ಟೆ. ಎಂಬತ್ತರ ದಶಕದ ಆರಂಭ; ಹರಪನಹಳ್ಳಿಯ ನಮ್ಮ ಶಾಲೆಯ ಹಿಂದಿನ ಕೋಣೆಯನ್ನು ನಾನು ಭಾರಿ ಗತ್ತಿನಿಂದ ವಸ್ತುಸಂಗ್ರಹಾಲಯ ಎಂದು ಕರೆಯುತ್ತಿದ್ದ ಕಾಲ.

ಹುಳ ಬೀಳದಿರಲೆಂದು ಗರಿಗಳಿಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ, ಕಪಾಟಿನ ತುಂಬ ಕರ್ಪೂರ ಇಟ್ಟೆ. ನೋಡಲು ಬಂದ ಅಗ್ನಿಶಾಮಕ ದಳದವರೊಬ್ಬರು ವಾಸನೆಗೆ ಬಾಗಿಲಲ್ಲೇ ನಿಂತರು. "ಹುಳಕ್ಕ ಹೆದರಿ ಒಲಿ ಹೂಡಿಟ್ಟೀರಲ್ರಿ ಮಾಸ್ತರ. ಇಲ್ಲಿ ಒಂದು ಕಡ್ಡಿ ಸುದ್ದಾ ಗೀರಬ್ಯಾಡ್ರಿ." ನಾನು ನಕ್ಕೆ. ಎರಡು ಕೆಂಪು ಬಕೆಟ್ಟಿಗೆ ಮರಳು ತುಂಬಿಸಿ ಕೋಣೆಯೊಳಗಿಟ್ಟು, ಕೆಲಸ ಮುಗಿಯಿತು ಅಂದುಕೊಂಡೆ.

ನವರಾತ್ರಿಯ ಸರಸ್ವತಿ ಪೂಜೆಗೆ ಕಪಾಟು ತೆರೆದು ಎದುರಿಗೇ ದೀಪ ಹಚ್ಚಿದೆವು. ದೀಪವಿಲ್ಲದೆ ಪೂಜೆ ಮಾಡಿದರೆ ಊರವರು ನಗುವುದಿಲ್ಲವೇ? ಬಕೆಟ್ಟುಗಳಿಗೂ ಕುಂಕುಮ ಹಚ್ಚಿ ಹಾರ ಹಾಕಿದೆವು. ಸಂಜೆ ಹೊರಡುವಾಗ ಶಾಲೆಗೆ ಹೊಸದಾಗಿ ಬಂದಿದ್ದ ಜವಾನರೊಬ್ಬರಿಗೆ, "ದೀಪ ದೊಡ್ಡದು ಮಾಡಿ ಕೀಲಿ ಹಾಕ್ರಿ" ಎಂದೆ. ದೀಪ ಆರಿಸು ಎನ್ನುವುದು ಅಪಶಕುನ, ದೊಡ್ಡದು ಮಾಡು ಎನ್ನಬೇಕೆಂದು ನಮ್ಮವ್ವ ಬಾಯಿಗೆ ಬಡಿದು ಕಲಿಸಿದ್ದಳು. ಜವಾನರು ಆಂಧ್ರದ ಕಡೆಯವರು. ಅವರ ಮನೆಯ ತೆಲುಗಿನಲ್ಲಿ ಆರಿದ ದೀಪ ಬೆಟ್ಟ ಹತ್ತುತ್ತದಂತೆ; ದೊಡ್ಡದಾಗುವುದಿಲ್ಲ. ಅದು ನನಗೆ ಗೊತ್ತಾದದ್ದು ಆಮೇಲೆ.

ಅವರು ನಿಷ್ಠೆಯಿಂದ ಎಣ್ಣೆ ಸುರಿದು, ಬತ್ತಿ ಮುಂದೆಳೆದು, ಕೀಲಿ ಹಾಕಿ ಚಹಾದಂಗಡಿಗೆ ಹೋಗಿದ್ದರು. ಕಪಾಟಿನಿಂದ ಇಳಿಬಿದ್ದ ಬಟ್ಟೆಯ ಚುಂಗಿಗೆ ಉರಿ ತಾಗಿತ್ತು. ಹೊಗೆ ಕಂಡು ಅವರೂ ನಾನೂ ಓಡಿಬಂದು ಬಾಗಿಲು ತೆರೆದರೆ ಒಳಗೆ ಕಾಲಿಡುವ ಹಾಗಿರಲಿಲ್ಲ. ಮರಳಿನ ಬಕೆಟ್ಟುಗಳು ಹಾರ ಹಾಕಿಕೊಂಡು ಬೆಂಕಿಯ ಆಚೆಗೆ ಕೂತಿದ್ದವು. ಓಣಿಯವರು ಬಾವಿ ನೀರು ಹೊಯ್ದು ಕೋಣೆ ಉಳಿಸಿದರು. ಕಟ್ಟುಗಳು ಉಳಿಯಲಿಲ್ಲ.

"ದೊಡ್ಡದು ಮಾಡು ಅಂತ ನೀವಾ ಹೇಳಿದ್ರಲ್ರಿ ಸಾರ್" ಎಂದು ಜವಾನರು ಅತ್ತರು.

ಮರುದಿನ ಬಸ್ಸು ಹಿಡಿದು ಹಲವಾಗಲಿಗೆ ಹೋದೆ. ಅಜ್ಜಿ ರೊಟ್ಟಿ ಬೇಯಿಸುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ತಲೆಯೆತ್ತಿ ಖಾಲಿ ಅಟ್ಟ ನೋಡಿದರು.

"ಅಪ್ಪ ಸತ್ತು ನಲವತ್ತು ವರ್ಷ ಆತು. ದಿನಾ ಇದರ ಕೆಳಗ ಒಲಿ ಹಚ್ಚೀನಿ. ಏನೂ ಆಗಿದ್ದಿಲ್ಲ ನೋಡ್ರಿ."