ಅವನಿಗೊಂದು ಗಂಡು ಪಾರ್ಟು

ಬಸ್ಸು ಹತ್ತುವಾಗ ಅವನ ಎಡಗೈ ತಾನಾಗಿ ಪ್ಯಾಂಟಿನ ಮುಂಭಾಗಕ್ಕೆ ಹೋಗಿ ಇಲ್ಲದ ನೆರಿಗೆಯನ್ನು ಎತ್ತಿ ಹಿಡಿಯುತ್ತಿತ್ತು. ಎಚ್ಚರವಾದೊಡನೆ ಕೈ ಕೊಡವಿ, ಯಾರಾದರೂ ಕಂಡರೇ ಎಂದು ಸುತ್ತ ನೋಡುತ್ತಿದ್ದ. ಕಂಡವನು ನಾನು, ಅವನ ರಂಗದ ಗಂಡ.

ಅಂಕೋಲೆ ಹತ್ತಿರದ ಕೇಣಿ ಊರಿನ ನಮ್ಮ ನಾಟಕ ಮಂಡಳಿಯಲ್ಲಿ ಇವತ್ತಿಗೂ ಹೆಣ್ಣು ಪಾರ್ಟನ್ನು ಗಂಡಸರೇ ಮಾಡುವುದು. ಹೈಸ್ಕೂಲು ಮುಗಿದ ವರ್ಷ ಸೀರೆ ಉಟ್ಟವನನ್ನು ಊರು ಮತ್ತೆ ಅದರಿಂದ ಹೊರಗೆ ಬಿಡಲಿಲ್ಲ. ಹಗಲೆಲ್ಲ ಕಾರವಾರದಲ್ಲಿ ದೋಣಿ ಎಂಜಿನ್ ರಿಪೇರಿ. ಸಂಜೆ ಗ್ರೀಸು ಹತ್ತಿದ ಕೈಗೆ ಸೋಪು ಸವರಿ ಹಸಿರು ಬಳೆ ಏರಿಸುತ್ತ, "ಎಂಜಿನ್ ಆದ್ರೂ ಬಿಚ್ಲಿಕ್ಕೆ ಬರ್ತದೆ ಮಾರಾಯಾ, ಈ ಬಳೆ ಬರೂದಿಲ್ಲ" ಎಂದು ನಗುತ್ತಿದ್ದ. ಆದರೆ ರಂಗಕ್ಕೆ ಹೋದನೆಂದರೆ ಮುಗಿಯಿತು. ಸತ್ತ ಮಗುವನ್ನು ಮಡಿಲಲ್ಲಿಟ್ಟುಕೊಂಡು, ಒಂದೂ ಮಾತಾಡದೆ ಅದರ ಅಂಗಿಯ ಗುಂಡಿ ಹಾಕುತ್ತಿದ್ದ. ಪಕ್ಕದಲ್ಲಿ ನಿಂತ ನನಗೆ ನನ್ನ ಮಾತೇ ಮರೆತುಹೋಗುತ್ತಿತ್ತು. ಅಷ್ಟು ಚೆನ್ನಾಗಿ ಮಾಡಿದ್ದೇ ಅವನಿಗೆ ಮುಳುವಾಯಿತು.

ಗಂಡು ಪಾರ್ಟು ಬೇಕೆಂದು ಪ್ರತಿ ವರ್ಷ ಕೇಳುತ್ತಿದ್ದ. "ಮುಂದಿನ್ ವರ್ಷ ನೋಡ್ವ, ತಮಾ" ಎನ್ನುತ್ತಿದ್ದರು ಹಿರಿಯರು. ಒಮ್ಮೆ ನಾನೇ ಜಗಳವಾಡಿ ಕೋಡಿಬಾಗದ ನಾಟಕದಲ್ಲಿ ಪೊಲೀಸನ ಪಾರ್ಟು ಕೊಡಿಸಿದೆ. ಮೀಸೆ ಬಿಟ್ಟು, ಎದೆಯುಬ್ಬಿಸಿ ಬಂದ. ಮುಂದಿನ ಸಾಲಿನ ಅಜ್ಜಿಯೊಬ್ಬಳು ಪ್ರೀತಿಯಿಂದಲೇ ಕೂಗಿದಳು: "ಸೀರೆ ಎಲ್ ಬಿಟ್ಕಂಡ್ ಬಂದ್ಯೆ, ತಂಗೀ?" ಜನ ಬಿದ್ದುಬಿದ್ದು ನಕ್ಕರು. ಒಂದು ಮಾತೂ ತಪ್ಪದೆ ದೃಶ್ಯ ಮುಗಿಸಿ ಒಳಗೆ ಬಂದವನು ಟೋಪಿ ತೆಗೆದು ನನ್ನ ಕೈಗಿಟ್ಟ.

"ಇವ್ರು ನನ್ನ ಬಿಡೂದಿಲ್ವೋ" ಎಂದ.

ಮರುವರ್ಷ ಮತ್ತೆ ಸೀರೆ.

ಕಳೆದ ಮಳೆಗಾಲದಲ್ಲಿ ಕೆಲಸ ಮುಗಿಸಿ ಬರುವಾಗ ಹೆದ್ದಾರಿಯಲ್ಲಿ ಅವನ ಬೈಕು ಜಾರಿತು. ಮೂವತ್ತೂ ತುಂಬಿರಲಿಲ್ಲ, ಅದೇನು ಸಾಯುವ ವಯಸ್ಸೇ?

ಮಂಡಳಿಯವರು ಅಂಕೋಲೆ ಪೇಟೆಯಲ್ಲಿ ಶ್ರದ್ಧಾಂಜಲಿ ಬ್ಯಾನರು ಕಟ್ಟಿಸಿದರು. ಹೂ ಮುಡಿದು, ಸೆರಗು ಹೊದ್ದ ಫೋಟೊ. ಅವನ ತಾಯಿ ಹತ್ತಿರ ಹೋಗಿ ನೋಡಿದರು.

"ಇವ್ಳು ಯಾರ್ರಾ? ನನ್ನ ಮಗನ್ನ ಹಾಕ್ರಾ" ಎಂದರು.

ಅವನ ಫೋನು ಅವನೊಡನೆ ನುಚ್ಚುನೂರಾಗಿತ್ತು. ನಮ್ಮೆಲ್ಲರ ಮೊಬೈಲು ಜಾಲಾಡಿದೆವು, ಎಲ್ಲದರಲ್ಲೂ ಅವಳೇ. ಮನೆಯಲ್ಲಿದ್ದದ್ದು ಆಧಾರ್ ಕಾರ್ಡಿನ ಚಿತ್ರವೊಂದೇ, ದೊಡ್ಡದು ಮಾಡಿದರೆ ಮುಖವೇ ಉಳಿಯಲಿಲ್ಲ. ಕೊನೆಗೆ ಬರೀ ಹೆಸರು ಬರೆಸಿ ಬೇರೆ ಬ್ಯಾನರು ಕಟ್ಟಿದೆವು.

ಅದನ್ನು ಕಟ್ಟಿ ಇಳಿಯುತ್ತಿದ್ದಂತೆ ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿ ಇಳಿಸಿ ಹೆಸರು ಓದಿದಳು. ಪಕ್ಕದೂರಿನವಳು, ನಮ್ಮ ಒಂದು ನಾಟಕವನ್ನೂ ಬಿಟ್ಟವಳಲ್ಲ. "ಪಾಪ, ಯಾರ್ ಮಗ ಇಂವ?" ಎಂದು ಕೇಳಿದಳು. ಮನೆ ಹೇಳಿದೆ, ಕೆಲಸ ಹೇಳಿದೆ, ಗುರುತು ಹತ್ತಲಿಲ್ಲ. "ನಾಟಕ್ದಲ್ಲಿ ನನ್ನ ಹೆಂಡ್ತಿ ಆಗ್ತಿದ್ನಲ್ಲ, ಅಂವ" ಎಂದೆ.

ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಕೂತು ಅತ್ತಳು. ಸತ್ತವನಿಗೆ ನಾನೇ ಮತ್ತೆ ಸೀರೆ ಉಡಿಸಿದ್ದೆ.