ಇಳಸಬ್ಯಾಡ್ರಿ, ಬಿಡ್ರಿ

ಸಕ್ಕರೆ ಕಾಯಿಲೆ ಬರುವ ಮೊದಲೇ ಅದಕ್ಕೆ ಹೆದರಿ ಓಡಲು ಶುರುಮಾಡಿದವನು ನಾನು. ಓಡುತ್ತ ಹೋದಂತೆ ಮೊಣಕಾಲು ಸವೆದೀತೆಂಬ ಇನ್ನೊಂದು ಹೆದರಿಕೆ ಹುಟ್ಟಿತು. ಕಾಲಿಗೆ ಬಲ ಬರಲೆಂದು, ಶಹಾಪುರದ ತಗಡಿನ ಶೆಡ್ಡೊಂದರಲ್ಲಿ ವೇಟ್‌ಲಿಫ್ಟಿಂಗ್ ಕಲಿಸುವ ಮೇಡಂ ಹತ್ತಿರ ಹೋದೆ. ಹೀಗೆ ಒಂದು ಚಿಂತೆ ಇನ್ನೊಂದರ ಕೈಹಿಡಿದು ನನ್ನನ್ನು ಅಲ್ಲಿಗೆ ಮುಟ್ಟಿಸಿತು. ಉತ್ಸಾಹದ ಪಾತ್ರ ಇದರಲ್ಲಿ ಎಲ್ಲೂ ಇಲ್ಲ.

ಮೇಡಂ ಸುರಪುರದವರು, ನನಗಿಂತ ಬಹಳ ಚಿಕ್ಕವರು, ಒಂದು ಕಾಲಕ್ಕೆ ರಾಜ್ಯಮಟ್ಟದಲ್ಲಿ ಭಾರ ಎತ್ತಿದವರು. ನಾನು ಮಾಸ್ತರನೆಂದು ಗೊತ್ತಾದ ಮೇಲೂ ಅವರ ದನಿ ತಗ್ಗಲಿಲ್ಲ. ಸೋಮವಾರ, ಗುರುವಾರ ಬಾರ್, ಅಂದರೆ ಭಾರದ ಸರಳು, ಎತ್ತುವುದು; ಉಳಿದ ದಿನ ಸಗರದ ರಸ್ತೆಯಲ್ಲಿ ನಿಧಾನದ ಓಟ.

"ಓಡಿ ದಣಿದ ಕಾಲು ತಗೊಂಡು ಎತ್ತಾಕ ಬರಬ್ಯಾಡ್ರಿ ಸರ. ದಣಿದ ಕಾಲು ಸುಳ್ಳು ಹೇಳ್ತಾವ."

ಅವರು ಕಲಿಸಿದ್ದು ಸ್ನ್ಯಾಚ್. ನೆಲದ ಮೇಲಿನ ಬಾರನ್ನು ಒಂದೇ ಎಳೆತಕ್ಕೆ ತಲೆಯ ಮೇಲೆ ಒಯ್ದು, ಅದರ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಏಳುವುದು. ನನಗೆ ಕೂರುವುದು ಬಂತು, ಏಳುವುದೂ ಬಂತು. ಬಾರದೇ ಹೋದದ್ದು ಬಿಡುವುದು. ಬಾರ್ ಮುಂದಕ್ಕೆ ವಾಲಿದರೆ ಕೈಬಿಟ್ಟು ಹಿಂದೆ ಸರಿಯಬೇಕು. ಬೀಳಲಿ ಎಂದೇ ಅದರ ಎರಡೂ ತುದಿಯ ಭಾರದ ಗಾಲಿಗಳಿಗೆ ರಬ್ಬರ್ ಇದೆ. ನಾನು ಮಾತ್ರ ಅದನ್ನು ಎದೆಗೆ ಎಳೆದುಕೊಂಡು, ತೊಡೆಗೆ ತಂದು, ಸದ್ದಾಗದಂತೆ ನೆಲಕ್ಕಿಡುತ್ತಿದ್ದೆ.

"ಅದೇನು ಕೂಸೇನ್ರಿ, ಅಪ್ಪಿಕೊಂಡು ಇಳಸ್ತೀರಿ? ಕಬ್ಬಿಣರಿ ಅದು. ಬಿದ್ರ ಅಳಂಗಿಲ್ಲ."

"ರೂಢಿ ಆಗ್ಯಾದ್ರಿ."

"ಯಾವ ರೂಢಿ? ನೀವು ಬಾರ್ ಮುಟ್ಟಿದ್ದೇ ಮೊನ್ನಿ."

ರೂಢಿ ನನ್ನದಲ್ಲ, ಅಣ್ಣನದು. ನಮ್ಮೂರು ಸಗರದಲ್ಲಿ, ನಮ್ಮ ಓಣಿಯ ಹನುಮಂತ ದೇವರ ಗುಡಿ ಮುಂದೆ ಹುಡುಗರು ಎತ್ತುವ ಗುಂಡುಕಲ್ಲುಗಳಿದ್ದವು. ಎತ್ತಿದವನು ಕಲ್ಲನ್ನು ನೆಲಕ್ಕೆ ಒಗೆಯುವಂತಿರಲಿಲ್ಲ. ಎದೆಯಿಂದ ತೊಡೆಗೆ, ತೊಡೆಯಿಂದ ನೆಲಕ್ಕೆ ಇಳಿಸಿ, ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಒಗೆದರೆ ಎತ್ತಿದ್ದು ಲೆಕ್ಕಕ್ಕಿಲ್ಲ. ಅಣ್ಣ ನನಗೆ ಚಿಕ್ಕ ಕಲ್ಲಿನ ಮೇಲೆ ಕಲಿಸಿದ್ದ. "ತಮ್ಮಾ, ಎತ್ತಾಗ ಅವಸರ ಮಾಡು, ನಡೀತದ. ಇಳಸಾಗ ಮಾಡಬ್ಯಾಡ."

ಅವನ ಹರೆಯದಲ್ಲಿ ಒಂದು ಯುಗಾದಿಯ ಮಧ್ಯಾಹ್ನ ದೊಡ್ಡ ಕಲ್ಲು ಅವನ ಎದೆಯಿಂದ ಜಾರಿತು. ಬಿಟ್ಟಿದ್ದರೆ ಮುಗಿಯುತ್ತಿತ್ತು. ಬಿಡಲಿಲ್ಲ. ನೆಲಕ್ಕಿಟ್ಟು ಕಣ್ಣಿಗೂ ಒತ್ತಿಕೊಂಡ; ಆಮೇಲೆ ಏಳಲಾಗಲಿಲ್ಲ, ಸೊಂಟ ಹೋಗಿತ್ತು. ಹೋದ ವರ್ಷ ಯಾವುದೋ ಜ್ವರದಲ್ಲಿ ತೀರಿಹೋಗುವವರೆಗೂ ಅವನು ನೆಟ್ಟಗೆ ನಿಂತದ್ದನ್ನು ನಾನು ಕಾಣಲಿಲ್ಲ. ಮಣ್ಣು ಮಾಡಲು ಬಂದವರೂ ಅದನ್ನೇ ಹೊಗಳಿದರು: "ಏನರ ಅನ್ರಿ, ಕಲ್ಲು ಮಾತ್ರ ಕೈಬಿಡಲಿಲ್ಲ ನೋಡ್ರಿ ಅಂವ."

ಒಂದು ಗುರುವಾರ ಬಾರ್ ಇಳಿಸುವಾಗ ನನ್ನ ಸೊಂಟದಲ್ಲಿ ಚುಳುಕ್ಕೆಂದಿತು. ಹಿಂದಿನಿಂದ ವಿಡಿಯೊ ತೆಗೆಯುತ್ತಿದ್ದ ಮೇಡಂ ಫೋನನ್ನು ಮುಂದೆ ಹಿಡಿದರು. ಪರದೆಯ ಮೇಲೆ ಅಣ್ಣ ನಿಂತಿದ್ದ. ಅದೇ ಹೆಗಲು, ಅದೇ ಓರೆ ಗೋಣು, ಹೊರಕ್ಕೆ ತಿರುಗಿದ ಅದೇ ಎಡಪಾದ. ಐವತ್ತರ ಹತ್ತಿರ ಬಂದರೂ ನನ್ನ ಬೆನ್ನು ಹೇಗಿದೆಯೆಂದು ನನಗೆ ಗೊತ್ತಿರಲಿಲ್ಲ. ಮೈಯಲ್ಲಿ ನಾನು ಚಿಂತೆ ಮಾಡದೆ ಉಳಿಸಿದ ಭಾಗ ಅದೊಂದೇ. ಅವನು ಬಾರನ್ನು ಎದೆಗೆ ಎಳೆದುಕೊಂಡು ಬಾಗಿದ. "ಬಿಡಣ್ಣಾ" ಎಂದು ಫೋನಿಗೆ ಹೇಳಿದೆನೆಂದು ಕಾಣುತ್ತದೆ. ಮೇಡಂ ನನ್ನ ಮುಖ ನೋಡಿದರು.

"ಹಿಂಗ ಇಳಿಸಿದ್ರ ಸೊಂಟ ಹೋಗ್ತದರಿ ಸರ. ಸೋಮವಾರ ಬರ್ರಿ. ಎತ್ತಾದು ಬ್ಯಾಡ, ಬರೇ ಬಿಡಾದು. ಆಗಲಿಲ್ಲಂದ್ರ ನಿಮಗ ಬಾರ್ ಕೊಡಂಗಿಲ್ಲ."

ಮರುದಿನ ಓಡುವಾಗ ಹಿಂದೆ ಯಾರೋ ಬರುತ್ತಿದ್ದರು. ನಿಂತೆ, ಅವರೂ ನಿಂತರು. ನೋಡಿದರೆ ಬೂಟಿನ ಅಟ್ಟೆ ಕಿತ್ತಿತ್ತು, ಅಷ್ಟೆ. ಅಂಟು ಹಾಕಿಸಿದೆ. ಆಮೇಲೂ ಆ ಹೆಜ್ಜೆ ಕೇಳಿಸುತ್ತದೆ.

ಸೋಮವಾರ ಹಗುರ ಬಾರನ್ನು ತಲೆಯ ಮೇಲೆ ಹಿಡಿದು ನಿಂತೆ. ಬೆರಳು ಬಿಚ್ಚಲಿಲ್ಲ. ಗುಡಿ ಮುಂದೆ ನೆರೆದ ಓಣಿಯೆಲ್ಲ ಶೆಡ್ಡಿನಲ್ಲಿ ಬಂದು ಕೂತಂತಿತ್ತು.

"ಬಿಡ್ರಿ."

"ಬಿಡ್ತೇನ್ರಿ."

"ಹೇಳಬ್ಯಾಡ್ರಿ, ಬಿಡ್ರಿ."

ಬಿಟ್ಟೆ. ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದವು.

ಮೇಡಂ ವಿಡಿಯೊ ತೋರಿಸಿದರು. ಬಾರ್ ಬಿತ್ತು. ಪರದೆಯಲ್ಲಿ ಅವನು ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ನೆಟ್ಟಗೆ ನಿಂತ, ಗೋಣಿನಿಂದ ಸೊಂಟದವರೆಗೆ ಒಂದೇ ಗೆರೆ ಎಳೆದಂತೆ. ನಿಂತಿದ್ದವನು ಮತ್ತೆ ಬಾಗಿ, ಬಾರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಹಾಗೆ ಮಾಡಿದ್ದು ನನಗೆ ನೆನಪಿಲ್ಲ.

"ಇನ್ನೊಮ್ಮೆ ತೋರಸ್ರಿ" ಎಂದೆ. ಅವನು ನೆಟ್ಟಗೆ ನಿಂತಲ್ಲಿ ನಿಲ್ಲಿಸಲು ಹೇಳಿದೆ.

"ಎಡಗಾಲು ಇನ್ನಾ ಹೊರಗ ಹೊಂಟದ" ಎಂದರು ಮೇಡಂ. "ಅದನ್ನ ತಿದ್ದಬೇಕು."

"ಅದೊಂದು ಹಂಗ ಇರ್ಲಿರಿ" ಎಂದೆ.