ಕೆಂಪು ಕಾರಿನ ಹಲಗೆಯ ಹಿಂದೆ

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಪುಟ್ಟಗೌರಮ್ಮನಷ್ಟು ಚೆನ್ನಾಗಿ ಎಳೆ ಹೊಸೆಯುವವರು ಇರಲಿಲ್ಲ. ಅವಳಷ್ಟು ಬಾಯಿ ಜೋರಿನವರೂ ಇರಲಿಲ್ಲ. ಯಳಂದೂರಿನ ಹುಡುಗಿ. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷವೇ ಗುರುಸ್ವಾಮಿಯ ಕೈಹಿಡಿದು ಬಂದಳು. ಗಂಡ ಮನೆಯ ಕುಣಿಮಗ್ಗದಲ್ಲಿ, ನೆಲದ ಗುಂಡಿಗೆ ಕಾಲು ಇಳಿಬಿಟ್ಟು ಕೂತು, ರೇಷ್ಮೆ ಸೀರೆ ನೇಯುತ್ತಿದ್ದ. ಇವಳು ಮನೆಮನೆಗೆ ಹೋಗಿ ಹಾಸು ಕೂಡಿಸುತ್ತಿದ್ದಳು. ಮಗ್ಗದ ಹಳೆಯ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು, ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಹೊಸೆದು ಸೇರಿಸುವ ಕೆಲಸ ಅದು. ನಾಲ್ಕು ಸಾವಿರಕ್ಕೂ ಮೇಲೆ ಎಳೆ. ಒಂದು ಅದಲುಬದಲಾದರೂ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ಪುಟ್ಟಗೌರಮ್ಮ ಹೊಸೆದ ಹಾಸಿನಲ್ಲಿ ಗೆರೆ ಕಂಡವರಿಲ್ಲ. ಅದು ಅವಳಿಗೆ ಗೊತ್ತಿತ್ತು, ತನಗೆ ಗೊತ್ತಿದೆ ಅನ್ನುವುದನ್ನು ಬೀದಿಗೆಲ್ಲ ಗೊತ್ತು ಮಾಡಿಯೂ ಇದ್ದಳು.

ಅವಳು ಹೆಚ್ಚಾಗಿ ಹೋಗುತ್ತಿದ್ದದ್ದು ನಂಜುಂಡಯ್ಯನ ಮನೆಗೆ. ಊರಿನ ಅರ್ಧ ಮಗ್ಗಗಳಿಗೆ ರೇಷ್ಮೆ ಕೊಟ್ಟು ಸೀರೆ ನೇಯಿಸಿಕೊಳ್ಳುವ ಯಜಮಾನ, ಮಾತು ಕಡಿಮೆ, ಅನುಮಾನ ಜಾಸ್ತಿ. ಅರವತ್ತೊಂದನೇ ಇಸವಿಯಲ್ಲಿ ಅವನ ಮನೆಯ ಹಿಂದಿನ ಕೊಟ್ಟಿಗೆಯಿಂದ ಗಿಳಿಹಸಿರು ರೇಷ್ಮೆಯ ಎರಡು ಲಡಿ ಕಾಣೆಯಾದವು. ಹಿಂದಿನ ದಿನ ಆ ಲಡಿಗಳನ್ನು ಕೆಂಪು ನೂಲಿನಿಂದ ಕಟ್ಟಿಟ್ಟವಳು ಪುಟ್ಟಗೌರಮ್ಮ. ಅಷ್ಟು ಸಾಕಾಯಿತು. ನಂಜುಂಡಯ್ಯ ಪೊಲೀಸಿಗೆ ಹೋಗಲಿಲ್ಲ, ಪಂಚಾಯ್ತಿ ಕೂಡಿಸಲಿಲ್ಲ. ಅವಳನ್ನು ಹಾಸು ಕೂಡಿಸಲು ಕರೆಯುತ್ತಿದ್ದ ಏಳು ಮನೆಗಳ ಬಾಗಿಲಿಗೆ ತಾನೇ ನಡೆದುಹೋಗಿ, ಬೀದಿಗೆ ಕೇಳುವ ಹಾಗೆ, "ಗುರುಸ್ವಾಮಿ ಎಂಡ್ತಿ ಕಳ್ಳಿ, ಒಳಿಕ್ ಬಿಟ್ಕಬೇಡಿ" ಅಂದು ಬಂದ.

ಏಳು ಮನೆಯೂ ಬಾಗಿಲು ಹಾಕಿಕೊಂಡವು. ಅದನ್ನಾದರೂ ಪುಟ್ಟಗೌರಮ್ಮ ಬೈದು ಬೈದು ನುಂಗಿಕೊಂಡಳು. ನುಂಗಲಾರದ್ದು ಇನ್ನೊಂದಿತ್ತು. ಅವತ್ತು ಸಂಜೆ ನೀರಿಗೆ ಹೋಗಿ ಬಂದು ನೋಡಿದರೆ, ತವರಿನಿಂದ ತಂದಿದ್ದ ತಗಡಿನ ಪೆಟ್ಟಿಗೆಯೊಳಗಿನ ಸೀರೆಗಳ ಮಡಿಕೆ ಬದಲಾಗಿತ್ತು. ಅವಳು ಮೂರು ಮಡಿಕೆ ಹಾಕುವವಳು. ಈಗ ನಾಲ್ಕು ಮಡಿಕೆ ಇತ್ತು. ಮನೆಯಲ್ಲಿದ್ದವನು ಗುರುಸ್ವಾಮಿ ಒಬ್ಬನೇ. ಅವನು ಒಂದು ಮಾತು ಕೇಳಿದ್ದರೆ ಅವಳು ಕೂಗಾಡಿ ಹಗುರಾಗುತ್ತಿದ್ದಳೋ ಏನೋ. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮಾರನೇ ದಿನ ಅವನು ಅದೇ ನಂಜುಂಡಯ್ಯನ ಮನೆಗೆ ಹೋಗಿ ತಲೆ ತಗ್ಗಿಸಿಕೊಂಡು ಹೊಕ್ಕಿನ ರೇಷ್ಮೆ ತಂದ. ಎಂಥ ಗಂಡಸು!

ಅಲ್ಲಿಂದಾಚೆಗೆ ಅವಳು ಮುಡಿಗುಂಡದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಒಲೆಯ ಮುಂದೆ ಕೂತಳು. ಕುದಿನೀರಿಗೆ ಕೈ ಹಾಕಿ ಹಾಕಿ ಬೆರಳ ತುದಿಗಳು ಬೆಂದು ಸುಲಿದವು. ಎಳೆ ಹೊಸೆಯುವ ಬೆರಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಮೂರು ವರ್ಷ ಅವಳಿಗೆ ಬೇಕಾಗಿದ್ದದ್ದು ಒಂದೇ. ಕಳ್ಳಿ ಅಂದ ಬಾಯೇ ಕಳ್ಳಿಯಲ್ಲ ಅನ್ನಬೇಕು, ಅಂದ ಬಾಗಿಲಲ್ಲೇ ಅನ್ನಬೇಕು.

ಇನ್ನು ಕಾರಿನ ಸಂಗತಿ. ನಂಜುಂಡಯ್ಯನ ಕೊಟ್ಟಿಗೆಯಲ್ಲಿ, ರೇಷ್ಮೆಯ ಮೂಟೆಗಳ ಪಕ್ಕದಲ್ಲೇ, ಒಂದು ಕೆಂಪು ಎಂ.ಜಿ. ಕಾರು ನಿಂತಿತ್ತು. ಎರಡೇ ಸೀಟು, ಮೇಲೆ ಬಟ್ಟೆಯ ಹೊದಿಕೆ, ನೆಲಕ್ಕೆ ತಾಗುವಷ್ಟು ತಗ್ಗು. ಬಿಳಿಗಿರಿ ಬೆಟ್ಟದ ಕಾಫಿ ತೋಟದ ದೊರೆ ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋದದ್ದನ್ನು ಇವನು ಜಂಬಕ್ಕೆ ತಂದಿದ್ದ, ನಾಲ್ಕು ದಿನ ಓಡಿಸಿ ಮರೆತಿದ್ದ. ಅರವತ್ನಾಲ್ಕರಲ್ಲಿ ಮಗಳನ್ನು ಯಳಂದೂರಿಗೆ ಕೊಟ್ಟ. ಮೊದಲ ದೀಪಾವಳಿಗೆ ಅಳಿಯನನ್ನು ಅದೇ ಕಾರಿನಲ್ಲಿ ಕರೆತರುತ್ತೇನೆಂದು ಬೀಗರ ಮುಂದೆ ಕೊಚ್ಚಿಕೊಂಡ. ಕೊಟ್ಟಿಗೆಗೆ ಬಂದು ನೋಡಿದರೆ, ಓಡಿಸುವವನ ಎದುರಿಗೆ ಮೀಟರು, ಸ್ವಿಚ್ಚುಗಳನ್ನು ಕೂರಿಸಿದ್ದ ಮರದ ಹಲಗೆಯನ್ನು, ಅದೇ ಡ್ಯಾಶ್‌ಬೋರ್ಡನ್ನು, ಗೆದ್ದಲು ತಿಂದು ಜರಡಿ ಮಾಡಿತ್ತು.

ಬಸ್ ನಿಲ್ದಾಣದ ಹತ್ತಿರ ಶೆಡ್ಡು ಇಟ್ಟುಕೊಂಡಿದ್ದ ಮೆಕ್ಯಾನಿಕ್ ಷಡಕ್ಷರಿ ಬಂದ. ಎಂಜಿನ್ನು ಕೂಗುವಂತೆ ಮಾಡಿದ. ಹಲಗೆಯ ಹಿಂದಿನ ನಟ್ಟುಗಳೆಲ್ಲ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಅವನಿಗೆ ತಾಳ್ಮೆ ಇರಲಿಲ್ಲ. ಕಟಿಂಗ್ ಪ್ಲೈಯರ್ ತಗೊಂಡು ಇಪ್ಪತ್ತಾರು ವೈರುಗಳನ್ನೂ ಕಚಕಚನೆ ಕತ್ತರಿಸಿ ಹಲಗೆಯನ್ನು ಆಚೆಗೆಳೆದ. ಆಮೇಲೆ ಬಣ್ಣ ನೋಡಿ ಜೋಡಿಸಿದರಾಯಿತು ಅಂದುಕೊಂಡ. ಮಗ್ಗದ ಬಡಗಿಯೊಬ್ಬ ಬೀಟೆ ಮರದಲ್ಲಿ ಅದೇ ಅಳತೆಯ ಹೊಸ ಹಲಗೆ ಮಾಡಿಕೊಟ್ಟ. ಮೀಟರುಗಳನ್ನು ಅದಕ್ಕೆ ಕೂರಿಸಿ, ವೈರು ಜೋಡಿಸಲು ಹೋದಾಗ ಷಡಕ್ಷರಿಗೆ ಯಾವುದು ಯಾವುದರ ಜೊತೆಯೆಂದು ತಿಳಿಯಲಿಲ್ಲ. ಬಟ್ಟೆ ಸುತ್ತಿದ ಹಳೇ ವೈರುಗಳು, ವರ್ಷಗಳ ಧೂಳು, ಎಣ್ಣೆ ಕುಡಿದು ಎಲ್ಲವೂ ಒಂದೇ ಮಣ್ಣಿನ ಬಣ್ಣ. ಅಂದಾಜಿನ ಮೇಲೆ ಜೋಡಿಸಿ ಕೀ ತಿರುಗಿಸಿದ. ಹಾರನ್ ತಾನೇ ಬಡಕೊಳ್ಳತೊಡಗಿತು, ಹಲಗೆಯ ಹಿಂದಿನಿಂದ ಹೊಗೆ ಬಂತು.

"ನಿನ್ ಕೈಗ್ ಕಾರ್ ಕೊಟ್ಟಿದ್ದು ನನ್ ತಪ್ಪು ಕಣ್ಲಾ!" ನಂಜುಂಡಯ್ಯ ಉರಿದುಬಿದ್ದ. ದೀಪಾವಳಿಗೆ ಮೂರೇ ದಿನವಿತ್ತು.

"ವೈರ್ ಮ್ಯಾಲೆ ಸುತ್ತಿರೋ ಬಟ್ಟೇಲಿ ಸಣ್ಣ ಬಣ್ಣದ್ ಎಳೆ ಅವೆ, ಸಾ. ನನ್ ಕಣ್ಗೆ ಕಾಣಾಕಿಲ್ಲ. ಎಳೆ ನೋಡೋರ ಕರ್ಸಿ," ಅಂದ ಷಡಕ್ಷರಿ.

ಹಾಸು ಕೂಡಿಸುವ ಇಬ್ಬರು ಹೆಂಗಸರು ಬಂದರು, ಕರೆಂಟು ಹೊಡೆಯುತ್ತದೆಂದು ಬಾಗಿಲಿಂದಲೇ ವಾಪಸಾದರು. ಉಳಿದವಳು ಒಬ್ಬಳೇ. ಷಡಕ್ಷರಿಯನ್ನು ಕಳಿಸಿದರೆ ಅವಳು ಬಾಗಿಲನ್ನೂ ತೆಗೆಯಲಿಲ್ಲ. ಕೊನೆಗೆ ನಂಜುಂಡಯ್ಯನೇ ಬಂದು ಅಂಗಳದ ತುದಿಯಲ್ಲಿ ನಿಂತ.

"ಬಂದು ವೈರ್ ನೋಡ್ಕೊಡು," ಅಂದ, ಗೋಡೆಯ ಕಡೆ ನೋಡುತ್ತ.

"ಕಳ್ಳೀನ ಒಳಿಕ್ ಬಿಟ್ಕತೀರಾ, ಯಜಮಾನ್ರೇ?"

"ಅಳೇದೆಲ್ಲ ಈಗ್ಯಾಕೆ?"

"ನಂಗೆ ಅದು ಅಳೇದಲ್ಲ. ಸೇರಿಸ್ಕೊಟ್ರೆ ಏಳು ಮನೆ ಬಾಗ್ಲಲ್ಲಿ ನಿಂತು, ನಾ ಅಂದಿದ್ದು ಸುಳ್ಳು ಅಂತ ಯೋಳ್ಬೇಕು."

"ಮೊದ್ಲು ಸೇರ್ಸು. ಆಮ್ಯಾಕ್ ನೋಡವ."

ನೋಡೋಣ ಅಂದರೆ ಇಲ್ಲ ಅಂತಲೇ ಅರ್ಥ. ಅವಳಿಗೆ ಅದು ತಿಳಿಯದೇ ಇರಲಿಲ್ಲ. ಆದರೆ ಆ ಮನುಷ್ಯ ಅವಳ ಅಂಗಳಕ್ಕೆ ಬಂದು ನಿಂತದ್ದು ಮೂರು ವರ್ಷದಲ್ಲಿ ಅದೊಂದೇ ಸಲ. ಸೆರಗು ಸಿಕ್ಕಿಸಿಕೊಂಡು ಹೊರಟಳು.

ಕೊಟ್ಟಿಗೆಯಲ್ಲಿ ನಂಜುಂಡಯ್ಯ ಮೂರು ಮಾರು ದೂರದಲ್ಲಿ ಕುರ್ಚಿ ಹಾಕಿಸಿಕೊಂಡು, ಅವಳ ಕೈಗಳ ಮೇಲೇ ಕಣ್ಣಿಟ್ಟು ಕೂತ. ಈ ಹೊತ್ತಿನಲ್ಲೂ ಅವನಿಗೆ ರೇಷ್ಮೆಯ ಮೂಟೆಗಳದೇ ಚಿಂತೆ. ಅವಳ ಮೈ ಉರಿಯಿತು. ಷಡಕ್ಷರಿ ಬ್ಯಾಟರಿ ಬಿಚ್ಚಿಟ್ಟ, ತಾನು ಅಂದಾಜಿನಲ್ಲಿ ಸೇರಿಸಿದ್ದ ವೈರುಗಳನ್ನೂ ಬಿಡಿಸಿದ. ಅವಳು ಸೀಮೆಎಣ್ಣೆ, ಹಳೇ ಬಟ್ಟೆ ಕೇಳಿದಳು. ಅಭ್ಯಾಸಬಲ, ಒಂದು ಹಿಡಿ ಬೂದಿಯನ್ನೂ ತರಿಸಿದಳು. ಸೀಮೆಎಣ್ಣೆ ಮುಟ್ಟಿಸಿ ಒರೆಸಿದಾಗ ಸತ್ತ ಬಣ್ಣ ಒಂದು ಕ್ಷಣ ಎದ್ದು ಬರುತ್ತಿತ್ತು. ಅಷ್ಟರಲ್ಲೇ ಅವಳು ಓದಿಬಿಡುತ್ತಿದ್ದಳು.

"ಕಂದು ಬಟ್ಟೆ, ಅದ್ರಲ್ಲಿ ಒಂದ್ ನೀಲಿ ಎಳೆ. ಅದರ ಜೊತೇದು ಆ ದೊಡ್ ಮೀಟರ್ ಇಂದೆ ಅದೆ, ನೋಡು."

ಷಡಕ್ಷರಿ ಹುಡುಕಿದರೆ ಅದು ಅಲ್ಲೇ ಇರುತ್ತಿತ್ತು. ಅವಳು ಬೂದಿ ಮುಟ್ಟಿಸಿ ತಾಮ್ರದ ತುದಿಗಳನ್ನು ಹೊಸೆದಳು, ಅವನು ಟೇಪು ಸುತ್ತಿದ. ಬೆಳಗಿನಿಂದ ಮಧ್ಯಾಹ್ನದವರೆಗೆ ಇಪ್ಪತ್ತೈದು ವೈರು ಸೇರಿದವು. ಒಂದು ಉಳಿಯಿತು. ಹಲಗೆಯ ಕಡೆಗಿನ ತುಂಡು ಇತ್ತು, ಅದರ ಜೊತೆಯದು ಕಾಣಲಿಲ್ಲ. ಎಲ್ಲೋ ಒಳಗೇ ತುಂಡಾಗಿರಬೇಕೆಂದು ಅವಳು ಎಡಮೂಲೆಯ ಕತ್ತಲ ಸಂದಿಗೆ ಭುಜದವರೆಗೂ ಕೈ ಹಾಕಿ ತಡಕಿದಳು. ಮೆತ್ತಗಿನದೇನೋ ಸಿಕ್ಕಿತು. ಎಳೆದಳು.

ಇಲಿಯ ಗೂಡು. ಒಣಹುಲ್ಲು, ಕಾಗದದ ಚೂರು, ಅದರ ತುಂಬ ಗಿಳಿಹಸಿರು ರೇಷ್ಮೆ. ನಡುವೆ ಒಂದು ಕೆಂಪು ನೂಲು, ಅದರಲ್ಲಿ ಅವಳೇ ಹಾಕಿದ ಗಂಟು ಇನ್ನೂ ಬಿಚ್ಚದೆ ಹಾಗೇ ಇತ್ತು.

ಪುಟ್ಟಗೌರಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಮೂರು ವರ್ಷದ ಕುದಿನೀರೆಲ್ಲ ಎದೆಗೆ ಬಂದಂತಾಯಿತು. ಷಡಕ್ಷರಿಗೆ ವಿಷಯ ಗೊತ್ತಿತ್ತು, ಅವನು ಸ್ಪ್ಯಾನರು ಕೆಳಗಿಟ್ಟ. ನಂಜುಂಡಯ್ಯ ಕುರ್ಚಿಯಿಂದ ಎದ್ದ.

"ಇಲಿ ಮಾಡಿರೋ ಕೆಲ್ಸ. ನಂಗೇನ್ ಗೊತ್ತು?" ಅಂದ. "ಓಗ್ಲಿ, ಅಬ್ಬ ಕಳುದ್ ಮ್ಯಾಲೆ ಮೊದಲಿನಂಗೆ ಹಾಸು ಕೂಡ್ಸಕ್ಕೆ ಬಾ."

ತಪ್ಪಾಯಿತು ಅನ್ನುವ ಒಂದು ಮಾತು ಆ ಬಾಯಲ್ಲಿ ಬರಲಿಲ್ಲ. ಅವಳು ಮತ್ತೆ ಸಂದಿಗೆ ಕೈ ಹಾಕಿದಳು. ಇಲಿ ಕಡಿದಿದ್ದ ಕೊನೆಯ ವೈರನ್ನೂ ಹುಡುಕಿ ಹೊಸೆದಳು. ಷಡಕ್ಷರಿ ಹೊಸ ಹಲಗೆಯನ್ನು ಕೂರಿಸಿ ಸ್ಕ್ರೂ ಬಿಗಿದ, ಬ್ಯಾಟರಿ ಜೋಡಿಸಿದ. ಕೀ ತಿರುಗಿಸಿದರೆ ಮೀಟರಿನ ಮುಳ್ಳುಗಳು ಎದ್ದು ನಿಂತವು, ದೀಪ ಹತ್ತಿತು, ಹಾರನ್ ಒತ್ತಿದಾಗ ಮಾತ್ರ ಕೂಗಿತು. ಆಗ ಪುಟ್ಟಗೌರಮ್ಮ ಕಾರಿನ ಬಾಗಿಲು ತೆಗೆದು ಎಡಗಡೆಯ ಸೀಟಿನಲ್ಲಿ, ಗೂಡನ್ನು ಮಡಿಲಲ್ಲಿಟ್ಟುಕೊಂಡು, ಕೂತುಬಿಟ್ಟಳು.

"ಇಳಿಯಮ್ಮ ಕೆಳೀಕೆ!"

"ಏಳು ಮನೆ. ನೀವ್ ಓಡ್ಸಿ, ನೀವೇ ಯೋಳಿ. ಇಲ್ಲಾಂದ್ರೆ ಇದ್ನ ತಕಂಡು ನಾನೇ ಏಳು ಮನೆಗೂ ನಡೀತೀನಿ. ಆಮ್ಯಾಕೆ ಬಸ್ ಅತ್ತಿ ಯಳಂದೂರ್‌ಗೆ ಓಯ್ತೀನಿ. ನನ್ ತವರು ಅದು. ನಿಮ್ಮಳೀನ್ ಮನೆ ಬಾಗ್ಲು ನಂಗೊತ್ತು."

ನಂಜುಂಡಯ್ಯ ಹಲ್ಲು ಕಡಿದ. ಷಡಕ್ಷರಿಯ ಕಡೆ ನೋಡಿದರೆ ಅವನು ಸೂರು ನೋಡುತ್ತಿದ್ದ. ಬೇರೆ ದಾರಿಯಿಲ್ಲದೆ ಸ್ಟೀರಿಂಗ್ ಹಿಡಿದು ಕೂತ.

ಕೆಂಪು ಕಾರು ಬೀದಿಗೆ ಬಂದಾಗ ಮಗ್ಗದ ಸದ್ದುಗಳು ಒಂದೊಂದಾಗಿ ನಿಂತವು. ಜನ ಜಗುಲಿಗೆ ಬಂದರು. ಮೊದಲ ಮನೆಯ ಮುಂದೆ ನಂಜುಂಡಯ್ಯ ಬಾಯೊಳಗೇ ಏನೋ ಗೊಣಗಿದ.

"ಅವತ್ತು ಇಷ್ಟು ಮೆಲ್ಲುಕೆ ಯೋಳಿರ್ನಿಲ್ಲ," ಅಂದಳು ಪುಟ್ಟಗೌರಮ್ಮ, ಅವನ ಕಡೆ ತಿರುಗದೆ.

"ಗುರುಸ್ವಾಮಿ ಎಂಡ್ತಿ ರೇಷ್ಮೆ ಕದ್ದಿಲ್ಲ! ನಾನ್ ಅಂದಿದ್ದು ಸುಳ್ಳು!" ಅವನು ಕಿರುಚಿದ. ಅವಳು ಗೂಡನ್ನು ಎತ್ತಿ ತೋರಿಸಿದಳು.

ನಾಲ್ಕನೆಯದು ಸೋಮಮ್ಮನ ಮನೆ. "ಅಯ್ಯೋ, ನಾನು ಅವತ್ತೂ ನಂಬಿರ್ನಿಲ್ಲ ಕಣವ್ವ ಗೌರಿ," ಅನ್ನುತ್ತ ಅವಳು ಕಾರಿನ ಹತ್ತಿರ ಬಂದಳು.

"ನಂಬ್ದೆ ಇದ್ದೋಳು ಮೂರೊರ್ಸ ಯಾಕ್ ಕರೀನಿಲ್ಲ?"

ಸೋಮಮ್ಮ ಬಂದಷ್ಟೇ ಬೇಗ ಹಿಂದಕ್ಕೆ ಸರಿದಳು. ಐದು, ಆರು, ಏಳು. ಏಳನೆಯ ಬಾಗಿಲಿಗೆ ಬರುವ ಹೊತ್ತಿಗೆ ನಂಜುಂಡಯ್ಯನ ದನಿ ಒಡೆದುಹೋಗಿತ್ತು. ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

"ಮುಗೀತಲ್ಲ. ಇಳಿ ಇನ್ನ."

"ಇನ್ನೊಂದ್ ಮನೆ ಅದೆ. ಬಲಕ್ಕೆ ತಿರುಗ್ಸಿ."

ಕಾರು ಅವಳ ಮನೆಯ ಮುಂದೆಯೇ ನಿಂತಿತು. ಸದ್ದು ಕೇಳಿ ಗುರುಸ್ವಾಮಿ ಮಗ್ಗದ ಕುಣಿಯಿಂದ ಎದ್ದು, ಕೈ ಒರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದ. ಯಜಮಾನನನ್ನು ಕಂಡು ಅಭ್ಯಾಸದಂತೆ ತಲೆ ತಗ್ಗಿಸಿದ.

"ಇಲ್ಲೂ ಯೋಳಿ," ಅಂದಳು ಪುಟ್ಟಗೌರಮ್ಮ.

"ಇದು ನಿನ್ ಮನೆ. ಇಲ್ಲಿ ಯಾರ್ಗೆ ಯೋಳ್ಲಿ?"

ಅವಳು ಗಂಡನನ್ನೇ ನೋಡುತ್ತಿದ್ದಳು. ಗುರುಸ್ವಾಮಿಯ ಮುಖದ ರಕ್ತ ಇಳಿದುಹೋಯಿತು. ನಂಜುಂಡಯ್ಯ ಗಂಡ ಹೆಂಡತಿ ಇಬ್ಬರ ಮುಖವನ್ನೂ ನೋಡಿದ. ಅವನಿಗೆ ಏನು ತಿಳಿಯಿತೋ, ಈ ಸಲ ಕೂಗಲಿಲ್ಲ. "ನಿನ್ ಎಂಡ್ತಿ ಕದ್ದಿಲ್ಲ ಕಣಪ್ಪ, ಗುರುಸ್ವಾಮಿ," ಅಂದ.

ಪುಟ್ಟಗೌರಮ್ಮ ಕಾರಿನಿಂದ ಇಳಿದಳು. ಹೊಸ್ತಿಲಿಗೆ ಹೋಗಿ, ಗಂಡನ ಕೈ ಹಿಡಿದು, ಆ ಹಸಿರು ಗೂಡನ್ನು ಅಂಗೈ ಮೇಲಿಟ್ಟಳು.

"ತಕಳಿ, ಪೆಟ್ಗೇಲಿ ಇಡಿ," ಅಂದಳು. "ಅವತ್ತು ನೀವು ಉಡುಕ್ದಾಗ ಸಿಕ್ಕಿರ್ನಿಲ್ವಲ್ಲ, ಅದೇ ಇದು."